ನೋಡಿ ಕಲಿತ ಭಕ್ತಿ: ಹಾರೋಬೆಲೆಯ ‘ಮಹಿಮೆ’ಯನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ, ತಪಸ್ಸು ಕಾಲದಲ್ಲಿ, ಕನಕಪುರ ಸೀಮೆಯ ಒಂದು ಧರ್ಮಕೇಂದ್ರದಲ್ಲಿ ಪ್ರಬೋಧನೆ ನೀಡುವ ಅವಕಾಶ ನಮಗೆ ಒದಗಿತ್ತು. ಪ್ರಾರ್ಥನೆ ಹೃದಯದಿಂದ ಹೊಮ್ಮಬೇಕು, ಬಾಯಿಪಾಠದಿಂದಲ್ಲ. ಇತರರು ಮಾಡುವುದನ್ನು ನೋಡಿ ಮಾಡಿದ ಆರಾಧನೆ ಬರಿಯ ಅನುಕರಣೆಯೇ ಹೊರತು ಆರಾಧನೆಯಲ್ಲ ಎಂಬುದು ಅಂದಿನ ನಮ್ಮ ಮಾತಿನ ಸಾರವಾಗಿತ್ತು. ಜನರು ಶ್ರದ್ಧೆಯಿಂದ ಕೇಳಿದರು. ನಾವು ತೃಪ್ತಿಯಿಂದ ಹಿಂದಿರುಗಿದೆವು. ಮರುವರ್ಷ ಅಲ್ಲಿಗೆ ಹೋದಾಗ, ಹಿಂದೆಲ್ಲ ಜಪಸರವನ್ನು ಮುನ್ನಡೆಸುತ್ತಿದ್ದ ಒಬ್ಬ ಹಿರಿಯ ತಾಯಿ ದೇವಾಲಯದ ಹಿಂಬದಿಯಲ್ಲಿ ಗೋಡೆಗೊರಗಿ ಕುಳಿತಿದ್ದುದನ್ನು ಕಂಡೆವು. ಇಡೀ ಪೂಜೆಯಲ್ಲಿ ಅವರು ತುಟಿ ಬಿಚ್ಚಲಿಲ್ಲ. ಪೂಜೆ ಮುಗಿದ ಮೇಲೆ ಮೈ ಸರಿಯಿಲ್ಲವೇ ಅಮ್ಮ ಎಂದು ವಿಚಾರಿಸಿದೆವು. “ಮೈಗೇನಾಗಿಲ್ಲ ಸ್ವಾಮಿ. ನಮ್ಮಜ್ಜಿ ಹೇಳ್ತಿದ್ದಂಗೆ ನಾನೂ ಹೇಳ್ಕೊಂಡು ಬಂದೆ. ಒಳಗಿಂದ ಬರದೆ ಇದ್ರೆ ದೇವರಿಗೆ ಮುಟ್ಟಲ್ಲ ಅಂದ್ರಲ್ಲ ನೀವು, ಅದಕ್ಕೇ ಸುಮ್ಮನಾದೆ” ಎಂದರು.

ಈ ಲೇಖನ ಆ ತಾಯಿಗೆ ನಾವು ಸಲ್ಲಿಸಬೇಕಾದ ಉತ್ತರವೂ ಹೌದು, ನಮ್ಮ ಪ್ರಬೋಧನೆಯ ಮೇಲೆ ನಾವೇ ಮಾಡಿಕೊಳ್ಳುವ ವಿಮರ್ಶೆಯೂ ಹೌದು. ‘ಅನುಕರಣೆ’ ಎಂಬ ಪದವನ್ನು ಗುರುಮಠಗಳಲ್ಲಿ ನಾವು ಬಲು ಸುಲಭವಾಗಿ ಬಳಸುತ್ತೇವೆ. ಹಳ್ಳಿಯ ತೇರು ಅನುಕರಣೆ. ಕೈಯೆತ್ತಿ ಹಾಡುವ ಪ್ರಾರ್ಥನಾಕೂಟ ಅನುಕರಣೆ. ಆರತಿ ಬೆಳಗುವುದೂ ಅನುಕರಣೆ. ಹೀಗೆ ತೀರ್ಪು ನೀಡಿದ ಮೇಲೆ ಪ್ರಾಮಾಣಿಕ ಆರಾಧನೆ ಎಂದರೆ ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಅದನ್ನು ಪರೀಕ್ಷಿಸಲು ಕನಕಪುರ ಸೀಮೆಯಲ್ಲಿಯೇ ಒಂದು ಉತ್ತಮ ನಿದರ್ಶನವಿದೆ.

ಅರ್ಕಾವತಿ ನದಿಯ ಜಲಾಶಯಕ್ಕೆ ತನ್ನ ಹೆಸರನ್ನು ಕೊಟ್ಟಿರುವ ಹಾರೋಬೆಲೆಯು ಕನಕಪುರ ತಾಲ್ಲೂಕಿನ ಹಳೆಯ ಕಥೋಲಿಕ ಗ್ರಾಮ. ಕರ್ನಾಟಕ ಧರ್ಮಸಭೆಗೆ ಅನೇಕ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕೊಟ್ಟ ಊರು ಅದು. 2019ರ ಡಿಸೆಂಬರಿನಲ್ಲಿ, ಕಪಾಲಬೆಟ್ಟದ ಮೇಲೆ ನಿಲ್ಲಿಸಲು ಉದ್ದೇಶಿಸಿದ್ದ ಯೇಸುಸ್ವಾಮಿಯ ಬೃಹತ್ ಪ್ರತಿಮೆಯ ಸುತ್ತ ಎದ್ದ ವಿವಾದದಿಂದ ನಾಡಿನ ಇತರರಿಗೆ ಈ ಊರಿನ ಹೆಸರು ತಿಳಿಯಿತು. ಆದರೆ ಕನ್ನಡ ಕ್ರೈಸ್ತರು ಅದಕ್ಕೂ ಬಹು ಹಿಂದಿನಿಂದಲೇ ಹಾರೋಬೆಲೆಯನ್ನು ಬಲ್ಲರು. ಅವರು ಬಲ್ಲುದು ‘ಮಹಿಮೆ’ಯ ಮೂಲಕ. ಪವಿತ್ರ ವಾರದ ಸಂದರ್ಭದಲ್ಲಿ ಯೇಸುಸ್ವಾಮಿಯ ಪೂಜ್ಯ ಪಾಡುಗಳನ್ನು ಗ್ರಾಮಸ್ಥರೇ ಅಭಿನಯಿಸುವ ನಾಟಕ ಅದು. ತಲೆಮಾರಿನಿಂದ ತಲೆಮಾರಿಗೆ ನೋಡಿ ಕಲಿತು, ಆಡಿ ತೋರಿಸಿ, ಮುಂದಿನವರಿಗೆ ಒಪ್ಪಿಸಿಕೊಂಡು ಬಂದ ಆಚರಣೆ. ಅನುಕರಣೆ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇರೊಂದು ಬೇಕಿಲ್ಲ. ಒಬ್ಬ ಗೃಹಸ್ಥನು ಕ್ರಿಸ್ತನಂತೆ ನಡೆಯುತ್ತಾನೆ, ಇನ್ನೊಬ್ಬನು ಪಿಲಾತನಂತೆ ಕೈ ತೊಳೆದುಕೊಳ್ಳುತ್ತಾನೆ, ಮತ್ತೊಬ್ಬನು ಪೇತ್ರನಂತೆ ತನ್ನ ಒಡೆಯನನ್ನು ಅರಿಯೆನೆನ್ನುತ್ತಾನೆ. ನಮ್ಮ ಪ್ರಬೋಧನೆಯ ಅಳತೆಗೋಲನ್ನು ಇಲ್ಲಿಗೆ ತಂದರೆ ಇದು ಆರಾಧನೆಯಾಗುವುದಿಲ್ಲ. ಆದರೆ ಇಂತಹ ನಾಟಕದ ಮುಂದೆ ಕುಳಿತು ಕಣ್ಣೀರು ಒರೆಸಿಕೊಳ್ಳುವ ಜನರನ್ನು ಕಂಡವರಿಗೆ ಆ ಅಳತೆಗೋಲಿನಲ್ಲಿಯೇ ಏನೋ ದೋಷವಿದೆ ಎಂದು ತೋರದಿರದು.

ನಾಟಕವನ್ನು ಆರಾಧನೆಯಿಂದ ದೂರವಿಡುವವರು ಮುಂದಿಡುವ ಬಲವಾದ ವಾದ ಶುಭಸಂದೇಶದಿಂದಲೇ ಬರುತ್ತದೆ. ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಖಂಡಿಸುವ ‘ಕಪಟಿ’ಗೆ ಗ್ರೀಕ್ ಮೂಲದಲ್ಲಿರುವ ಪದ ‘ಹುಪೊಕ್ರಿತೇಸ್’. ಅದರ ರೂಢಿಯ ಅರ್ಥ ರಂಗದ ಮೇಲಿನ ನಟ ಎಂದು. ಹಾಗಾದರೆ ನಟನೆಯೇ ಪಾಪವೇ? ಆ ಅಧ್ಯಾಯವನ್ನು ಗಮನವಿಟ್ಟು ಓದಿದರೆ, ದಾನ, ಪ್ರಾರ್ಥನೆ, ಉಪವಾಸಗಳನ್ನು ಕುರಿತು ಸ್ವಾಮಿ ಕೇಳುವುದು ‘ಇದು ನಿನ್ನದೇ ಮಾತೇ?’ ಎಂಬ ಪ್ರಶ್ನೆಯನ್ನಲ್ಲ, ‘ಇದು ಯಾರ ಕಣ್ಣಿಗಾಗಿ?’ ಎಂಬ ಪ್ರಶ್ನೆಯನ್ನು ಎಂಬುದು ತಿಳಿಯುತ್ತದೆ. ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವನ ಮಾತು ಅವನ ಸ್ವಂತ ರಚನೆಯೇ ಆಗಿರಬಹುದು. ಆದರೂ ಅವನು ಕಪಟಿ. ಮಾತು ಎರವಲಾಗಿರುವುದು ಅಲ್ಲಿ ದೋಷವೆನಿಸುವುದಿಲ್ಲ. ಅದೇ ಅಧ್ಯಾಯದಲ್ಲಿ, ಆ ಖಂಡನೆಯ ಬೆನ್ನಿಗೇ, ಸ್ವಾಮಿ ತಮ್ಮ ಶಿಷ್ಯರಿಗೆ ಎರವಲು ಮಾತುಗಳನ್ನೇ ಕೊಡುತ್ತಾರೆ. ಇಂದಿಗೂ ನಾವು ಹೇಳುವ ಪರಲೋಕ ಮಂತ್ರ ಅದೇ.

ಲೂಕನು ಇದೇ ಸಂಗತಿಯನ್ನು ಇನ್ನೂ ನೇರವಾಗಿ ತಿಳಿಸುತ್ತಾನೆ. ಅವನ ಶುಭಸಂದೇಶದ 11ನೆಯ ಅಧ್ಯಾಯದ ಆರಂಭದಲ್ಲಿ ಸ್ವಾಮಿ ಪ್ರಾರ್ಥಿಸುತ್ತಿರುವುದನ್ನು ಶಿಷ್ಯರು ಕಾಣುತ್ತಾರೆ. ಸ್ನಾನಿಕ ಯೊವಾನ್ನನು ತನ್ನ ಶಿಷ್ಯರಿಗೆ ಪ್ರಾರ್ಥನೆಯನ್ನು ಕಲಿಸಿಕೊಟ್ಟಂತೆ ತಮಗೂ ಕಲಿಸಬೇಕೆಂದು ಅವರಲ್ಲೊಬ್ಬನು ಬೇಡುತ್ತಾನೆ. ಈ ಬೇಡಿಕೆಯ ಹಿಂದೆ ಎರಡು ಅನುಕರಣೆಗಳಿವೆ: ಒಂದು, ಕಣ್ಣೆದುರಿಗೆ ಪ್ರಾರ್ಥಿಸುವವರನ್ನು ಕಂಡು ಅವರಂತಾಗಬೇಕೆಂಬ ಆಸೆ, ಇನ್ನೊಂದು, ಪಕ್ಕದ ಗುಂಪಿನ ಭಕ್ತರಿಗಿರುವುದು ನಮಗೂ ಇರಲೆಂಬ ಬಯಕೆ. ಸ್ವಾಮಿ ಇದನ್ನು ತಿರಸ್ಕರಿಸಲಿಲ್ಲ. ‘ನಿಮ್ಮ ಹೃದಯದಿಂದ ತಾನಾಗಿಯೇ ಬರಲಿ’ ಎಂದು ಅವರನ್ನು ಬರಿಗೈಯಲ್ಲಿ ಕಳುಹಿಸಲೂ ಇಲ್ಲ. ಕ್ರೈಸ್ತ ಲೋಕದ ಮೂಲಪ್ರಾರ್ಥನೆಯು ಇತರ ಭಕ್ತರನ್ನು ನೋಡಿ ಹುಟ್ಟಿದ ಆಸೆಗೆ ದೊರೆತ ಉತ್ತರ ಎಂಬುದನ್ನು ನಮ್ಮ ಪ್ರಬೋಧನೆ ಮರೆತಿತ್ತು.

ಇನ್ನೂ ಗಾಢವಾದ ಸಾಕ್ಷಿ ಶಿಲುಬೆಯ ಮೇಲೆಯೇ ಇದೆ. ಮತ್ತಾಯ ಮತ್ತು ಮಾರ್ಕನ ಶುಭಸಂದೇಶಗಳ ಪ್ರಕಾರ, ತಂದೆಯಿಂದ ಕೈಬಿಡಲ್ಪಟ್ಟಂತಹ ಆ ಗಳಿಗೆಯಲ್ಲಿ ಯೇಸುಸ್ವಾಮಿ ಕೂಗಿ ಹೇಳಿದ್ದು 22ನೆಯ ಕೀರ್ತನೆಯ ಆರಂಭವನ್ನು. ಮಾನವ ಇತಿಹಾಸದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪ್ರಾರ್ಥನೆಯನ್ನು ನಾವು ಊಹಿಸಲಾರೆವು. ಆದರೂ ಆ ಮಾತು ಆ ಕ್ಷಣದಲ್ಲಿ ಹೊಸದಾಗಿ ರಚಿತವಾದುದಲ್ಲ. ಇಸ್ರಯೇಲಿನ ಭಕ್ತರು ಹೇಳಿಕೊಂಡು ಬಂದಿದ್ದ, ಅವರೊಡನೆ ಬೆಳೆದವರಿಗೆ ಬಾಯಿಪಾಠವಾಗಿದ್ದ ಮಾತು. ಹೃದಯ ಮತ್ತು ಬಾಯಿಪಾಠಗಳನ್ನು ಪರಸ್ಪರ ವಿರೋಧಿಗಳೆಂದು ನಿಲ್ಲಿಸುವವರು ಗೊಲ್ಗೊಥಾದ ಮುಂದೆ ಉತ್ತರ ಹೇಳಬೇಕಾಗುತ್ತದೆ. ಎರವಲು ಮಾತು ಸಂಕಟದ ಹೊತ್ತಿನಲ್ಲಿ ಸ್ವಂತದ್ದಾಗುತ್ತದೆ. ಆದರೆ ಅದಕ್ಕೆ ಮೊದಲು, ಸಂಕಟವಿಲ್ಲದ ದಿನಗಳಲ್ಲಿ, ಅದು ಬಾಯಲ್ಲಿ ನೆಲೆಸಿರಬೇಕು.

ಈಗ ‘ಮಹಿಮೆ’ಗೆ ಹಿಂದಿರುಗೋಣ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಾಟಕದ ಪಾತ್ರ ವಹಿಸುವುದಕ್ಕೆ ‘ಪಾರ್ಟು ಮಾಡುವುದು’ ಎನ್ನುತ್ತಾರೆ. ಕಪಟಿಗೂ ಪಾರ್ಟು ಮಾಡುವವನಿಗೂ ಒಂದು ಮುಖ್ಯ ವ್ಯತ್ಯಾಸವಿದೆ: ಕಪಟಿಯು ತಾನು ನಟಿಸುತ್ತಿರುವುದನ್ನು ಮರೆಮಾಚುತ್ತಾನೆ, ಪಾತ್ರಧಾರಿಯು ಮರೆಮಾಚುವುದಿಲ್ಲ. ಶಿಲುಬೆ ಹೊತ್ತು ನಡೆಯುವವನು ಯಾರ ಮಗ, ಯಾವ ಬೀದಿಯವನು ಎಂಬುದು ಊರಿಗೆಲ್ಲ ಗೊತ್ತು. ತಾನು ಕ್ರಿಸ್ತನೆಂದು ಅವನು ಯಾರನ್ನೂ ನಂಬಿಸಹೊರಟಿಲ್ಲ. ತನ್ನ ಶರೀರವನ್ನೂ ಧ್ವನಿಯನ್ನೂ ಆ ಕಥೆಗೆ ಕೊಂಚ ಹೊತ್ತು ಒಪ್ಪಿಸಿದ್ದಾನೆ, ಅಷ್ಟೆ. ಆದ್ದರಿಂದ ಪಾಡುಗಳ ನಾಟಕವು ತನ್ನ ಅನುಕರಣೆಯನ್ನು ತಾನೇ ಒಪ್ಪಿಕೊಳ್ಳುವ ಅನುಕರಣೆ. ಆ ಕಾರಣಕ್ಕೇ ಅದು, ಪೀಠದ ಬಳಿ ನಿಂತು ತೋರಿಕೆಯ ಧ್ಯಾನದಲ್ಲಿ ಕಣ್ಣು ಮುಚ್ಚುವ ನಮ್ಮಂಥವರ ಭಂಗಿಗಿಂತ ಹೆಚ್ಚು ನಿಷ್ಕಪಟವಾಗಿರಬಲ್ಲದು.

ಯೂದನ ಪಾತ್ರವು ನಮಗೆ ಇನ್ನೊಂದು ಪಾಠವನ್ನು ಕಲಿಸುತ್ತದೆ. ಯೂದನ ಪಾರ್ಟು ಮಾಡಿದವನನ್ನು ‘ನೀನು ಆ ಮಾತನ್ನು ಹೃದಯದಿಂದ ಆಡಿದೆಯಾ?’ ಎಂದು ಯಾರೂ ಕೇಳುವುದಿಲ್ಲ. ಆದರೂ ಆ ಮಾತು ಸುಳ್ಳಲ್ಲ. ಗರಿಗಳ ಭಾನುವಾರದಂದೂ ಶುಭ ಶುಕ್ರವಾರದಂದೂ ನಮ್ಮ ದೇವಾಲಯಗಳಲ್ಲಿ ಪಾಡುಗಳ ವಾಚನವನ್ನು ಪಾತ್ರಗಳಿಗೆ ಹಂಚಿ ಓದುವಾಗ, ಸ್ವಾಮಿಯ ಮರಣವನ್ನು ಕೇಳುವ ಗುಂಪಿನ ಕೂಗು ಇಡೀ ಸಭೆಯ ಪಾಲಿಗೆ ಬರುತ್ತದೆ. ಆ ಮಾತನ್ನು ನಾವಾರೂ ಮನಸಾರೆ ಹೇಳುವುದಿಲ್ಲ, ಹೇಳಲೂ ಬಾರದು. ಆದರೆ ಹೇಳಿದ ಮೇಲೆ, ಅದು ನಮ್ಮನ್ನು ಕುರಿತು ಎಷ್ಟು ನಿಜವೆಂಬುದು ಮನಸ್ಸಿಗೆ ತಟ್ಟುತ್ತದೆ. ಇಲ್ಲಿ ಭಾವವು ಮಾತಿಗೆ ಮುಂದಾಗಿ ಬರುವುದಿಲ್ಲ. ಮಾತೇ ಮುಂದೆ ಹೋಗಿ ಭಾವವನ್ನು ಕರೆದುತರುತ್ತದೆ. ಭಾವವಿದ್ದರೆ ಮಾತ್ರ ಬಾಯಿ ತೆರೆಯಿರಿ ಎಂದು ಬೋಧಿಸುವವರು ದೈವಾರಾಧನಾ ವಿಧಿಯ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಅನುಕರಣೆಯ ಆರೋಪ ನಮ್ಮ ನಾಡಿನ ಕ್ರೈಸ್ತಸಮುದಾಯಕ್ಕೆ ಹೊಸದಲ್ಲ. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣವನ್ನು ಕೇಂದ್ರವಾಗಿಸಿಕೊಂಡು ಮೈಸೂರು ಮಿಷನ್ನನ್ನು ಆರಂಭಿಸಿದ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿಯವರು, ಮಧುರೆಯಲ್ಲಿ ರಾಬರ್ಟ್ ದಿ ನೊಬಿಲಿಯವರು 1606ರಿಂದ ರೂಢಿಸಿದ್ದ ಮಾದರಿಯನ್ನು ಅನುಸರಿಸಿ ಸಂನ್ಯಾಸಿಯ ಉಡುಪಿನಲ್ಲಿ ಬಾಳಿದರು. ಅದು ವೇಷವೇ, ಬಾಳೇ? ಈ ಪ್ರಶ್ನೆ ರೋಮಾಪುರಿಯವರೆಗೂ ಹೋಯಿತು. 1704ರಲ್ಲಿ ಪುದುಚೇರಿಯಲ್ಲಿ ತೂರ್ನೋನ್‌ರವರು ಹೊರಡಿಸಿದ ಆಜ್ಞೆಯಿಂದ ಮೊದಲ್ಗೊಂಡು 1744ರಲ್ಲಿ ಜಗದ್ಗುರು 14ನೆಯ ಬೆನೆಡಿಕ್ಟರ ಶಾಸನದವರೆಗೆ ‘ಮಲಬಾರ್ ಆಚರಣೆಗಳ’ ವಿವಾದ ಬೆಳೆಯಿತು.

ಮುಂದೆ, 1792ರಲ್ಲಿ ಭಾರತಕ್ಕೆ ಬಂದು, ಮೈಸೂರು ಸೀಮೆಯಲ್ಲಿ ‘ದೊಡ್ಡಸ್ವಾಮಿಯವರು’ ಎಂದು ಹೆಸರಾದ ಅಬ್ಬೆ ದುಬ್ವಾ, ತಾವು ಸ್ವದೇಶಕ್ಕೆ ಮರಳಿದ ವರ್ಷವಾದ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಇಲ್ಲಿಯ ಕ್ರೈಸ್ತರ ಮೆರವಣಿಗೆಗಳನ್ನು ಕಟುವಾಗಿ ಟೀಕಿಸಿದರು. ತಮಟೆ, ಕಹಳೆ, ಪಂಜು, ಬಾಣಬಿರುಸುಗಳು ನೆರೆಹೊರೆಯ ಹಿಂದೂ ಉತ್ಸವಗಳ ನಕಲೆಂಬುದು ಅವರ ಅಭಿಪ್ರಾಯ. ಇಲ್ಲಿಯವರ ಮತಾಂತರದ ಪ್ರಾಮಾಣಿಕತೆಯಲ್ಲಿಯೇ ಅವರು ಭರವಸೆ ಕಳೆದುಕೊಂಡಿದ್ದರು. ಮರುವರ್ಷವೇ ಜೇಮ್ಸ್ ಹಫ್ ಎಂಬ ಆಂಗ್ಲ ಪಾದ್ರಿ ಅವರಿಗೆ ಪುಸ್ತಕರೂಪದ ಪ್ರತ್ಯುತ್ತರ ನೀಡಿದರು. ವಿಚಿತ್ರವೆಂದರೆ, ಇಲ್ಲಿಯವರ ಉಡುಗೆ ಆಹಾರಗಳನ್ನು ಅನುಕರಿಸಿ ದಶಕಗಳ ಕಾಲ ಬಾಳಿದ್ದವರು ಸ್ವತಃ ದುಬ್ವಾ ಅವರೇ. ತಮ್ಮ ಅನುಕರಣೆಯಲ್ಲಿ ಅವರು ಸೇವೆಯನ್ನು ಕಂಡರು. ತಮ್ಮ ಮಂದೆಯ ಅನುಕರಣೆಯಲ್ಲಿ ಕೇವಲ ನಕಲನ್ನು ಕಂಡರು.

ದುಬ್ವಾ ಅವರ ನಿರಾಶೆಗೆ ಕಾಲವೇ ಉತ್ತರ ಹೇಳಿತು ಎನ್ನುವುದುಂಟು. ಅವರು ಆಶೆ ಬಿಟ್ಟ ಸೀಮೆಯಲ್ಲಿ ಎರಡು ಶತಮಾನಗಳ ತರುವಾಯವೂ ಕ್ರೈಸ್ತ ಗ್ರಾಮಗಳು ಬಾಳುತ್ತಿವೆ. ಈ ಉತ್ತರದಲ್ಲಿ ಹುರುಳಿದ್ದರೂ ಅದು ಪೂರ್ಣವಲ್ಲ. ಬಹುಕಾಲ ಬಾಳಿದ ಮಾತ್ರಕ್ಕೆ ಯಾವುದೂ ಪ್ರಾಮಾಣಿಕವಾಗದು. ಜಡವಾದ ರೂಢಿಯೂ ಬಹುಕಾಲ ಬಾಳುತ್ತದೆ. ಡಾಂಭಿಕ ಭಕ್ತಿಯ ಬಗೆಗೆ ನಮ್ಮ ಕನ್ನಡ ನಾಡಿನ ಶರಣರೂ ದಾಸರೂ ತೋರಿದ ನಿಷ್ಠುರತೆಯನ್ನು ನಾವು ಮರೆಯಬಾರದು. ನಡೆಯೂ ನುಡಿಯೂ ಒಂದಾಗಬೇಕೆಂಬ ಅವರ ಆಗ್ರಹ ಮತ್ತಾಯನ 6ನೆಯ ಅಧ್ಯಾಯಕ್ಕೆ ದೂರದ್ದಲ್ಲ. ಆದುದರಿಂದ ಎಲ್ಲ ಅನುಕರಣೆಯೂ ಒಳ್ಳೆಯದೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಯಾವ ಅನುಕರಣೆ ಆರಾಧನೆಗೆ ದಾರಿಯಾಗುತ್ತದೆ, ಯಾವುದು ಅಡ್ಡಿಯಾಗುತ್ತದೆ ಎಂಬುದನ್ನು ವಿವೇಚಿಸಬೇಕಾಗಿದೆ.

ಈ ವಿವೇಚನೆಗೆ ಸಂತ ಪೌಲರು ನೆರವಾಗುತ್ತಾರೆ. ತಾವು ಕ್ರಿಸ್ತನನ್ನು ಅನುಸರಿಸುವಂತೆ ವಿಶ್ವಾಸಿಗಳು ತಮ್ಮನ್ನು ಅನುಸರಿಸಬೇಕೆಂದು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದ ಆರಂಭದಲ್ಲಿ ಅವರು ಕೇಳಿಕೊಳ್ಳುತ್ತಾರೆ. ಅವರು ಬಳಸುವ ಗ್ರೀಕ್ ಪದ ‘ಮಿಮೇತಾಯ್’, ಅಂದರೆ ಅನುಕರಿಸುವವರು. ಆದರೆ ಆ ವಾಕ್ಯದ ಹಿಂದಿನ ವಾಕ್ಯವನ್ನು ಬಿಟ್ಟು ಓದಬಾರದು. ತಮ್ಮ ಹಿತವನ್ನು ಬದಿಗಿರಿಸಿ ಅನೇಕರ ಹಿತವನ್ನು ಅರಸುವ ತಮ್ಮ ನಡತೆಯನ್ನು ಪೌಲರು ಅಲ್ಲಿ ನೆನಪಿಸುತ್ತಾರೆ. ಅನುಕರಿಸಬೇಕಾದುದು ಆ ನಡತೆಯನ್ನು; ಪೌಲರ ಧ್ವನಿಯನ್ನಾಗಲಿ ಹಾವಭಾವವನ್ನಾಗಲಿ ಅಲ್ಲ. ಇದಕ್ಕೆ ವಿರುದ್ಧವಾದ ಚಿತ್ರ ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯದಲ್ಲಿದೆ. ಸ್ಕೇವನ ಏಳು ಮಂದಿ ಮಕ್ಕಳು ಪೌಲರು ಬಳಸುತ್ತಿದ್ದ ನಾಮವನ್ನು ಎರವಲು ಪಡೆದು ದೆವ್ವ ಬಿಡಿಸಹೊರಟರು. ಮಾತೇನೋ ಅದೇ ಆಗಿತ್ತು. ಆದರೆ ಆ ನಾಮದ ಒಡೆಯನಿಗೆ ಅವರು ಅಧೀನರಾಗಿರಲಿಲ್ಲ. ಬೆತ್ತಲೆಯಾಗಿ, ಗಾಯಗೊಂಡು ಅವರು ಓಡಬೇಕಾಯಿತು. ಫಲವನ್ನು ಬಯಸಿ ಪದವನ್ನು ಕದಿಯುವುದು ಒಂದು ಬಗೆಯ ಅನುಕರಣೆ. ಒಡೆಯನಿಗೆ ಒಪ್ಪಿಸಿಕೊಂಡು ಪದವನ್ನು ಕಲಿಯುವುದು ಇನ್ನೊಂದು.

ಈ ಭೇದವನ್ನು ಕೈಯಲ್ಲಿ ಹಿಡಿದು ನಮ್ಮ ಕಾಲದ ಎರಡು ಅನುಕರಣೆಗಳನ್ನು ನೋಡಬಹುದು. ಮೊದಲನೆಯದು ಗುರುಮಠಗಳಿಂದ ಹೊರಟದ್ದು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ, ಬೆಂಗಳೂರಿನಲ್ಲಿ 1967ರಲ್ಲಿ ಅಮಲೋರ್ಪವದಾಸರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಕೇಂದ್ರದ ಮುಂದಾಳುತನದಲ್ಲಿ ಭಾರತೀಯ ಆರಾಧನಾಕ್ರಮದ ಪ್ರಯತ್ನ ನಡೆಯಿತು. ಅಂಜಲಿ, ಆರತಿ, ನೆಲದ ಮೇಲೆ ಕುಳಿತು ಪೂಜೆ ಮೊದಲಾದ 12 ಅಂಶಗಳಿಗೆ 1969ರ ಏಪ್ರಿಲ್ 25ರಂದು ರೋಮಾಪುರಿಯ ಒಪ್ಪಿಗೆ ದೊರೆಯಿತು. ಅದನ್ನು ಪರಧರ್ಮದ ನಕಲೆಂದು ಜರೆದವರು ಕಥೋಲಿಕರಲ್ಲಿಯೇ ಇದ್ದರು. ಆ ನಿಂದೆ ನ್ಯಾಯವಲ್ಲ. ಕೈಮುಗಿಯುವುದು ಕನ್ನಡಿಗನಿಗೆ ಯಾರಿಂದಲೂ ಎರವಲು ತರಬೇಕಾದ ಭಂಗಿಯಲ್ಲ. ಆದರೂ ಒಂದು ಕೊರತೆಯನ್ನು ಒಪ್ಪಬೇಕು. ಅನೇಕ ಕಡೆಗಳಲ್ಲಿ ಜನರು ತಾವಾಗಿ ನೋಡಿ ಕಲಿಯುವ ಮೊದಲೇ ನಾವು ಅದನ್ನು ಸುತ್ತೋಲೆಯಿಂದ ಕಲಿಸಹೊರಟೆವು. ಹಾರೋಬೆಲೆಯ ನಾಟಕದಂತೆ ಅದು ತಾಯಿಯ ಮಡಿಲಿನಿಂದ ಮಗುವಿಗೆ ಇಳಿಯಲಿಲ್ಲ.

ಎರಡನೆಯದು ಜನರಿಂದಲೇ ಬಂದುದು. ಧ್ಯಾನಕೂಟಗಳಿಗೆ ಹೋಗಿ ಬಂದವರಿಂದ, ದೂರದರ್ಶನದಿಂದ, ಈಗ ಮೊಬೈಲಿನಿಂದ, ಕೈಯೆತ್ತಿ ಸ್ತುತಿಸುವ, ಅಳುವ, ಅನ್ಯಭಾಷೆಗಳಲ್ಲಿ ನುಡಿಯುವ ರೀತಿ ಹಳ್ಳಿಗಳಿಗೂ ಬಂದಿದೆ. ಪಕ್ಕದವರು ಕೈಯೆತ್ತಿದರೆಂದು ತಾನೂ ಎತ್ತುವವನನ್ನು ನಾವು ನಗಬಾರದು. ದೇವಾಲಯದಲ್ಲಿ ಮೊಣಕಾಲೂರುವುದನ್ನು ನಾವೆಲ್ಲ ಕಲಿತದ್ದೂ ಹಾಗೆಯೇ. ಆತಂಕವಿರುವುದು ಬೇರೆಡೆ. ಮೊಣಕಾಲೂರಿದವನನ್ನು ‘ನಿನ್ನಲ್ಲಿ ಆತ್ಮನಿದ್ದಾನೆಯೇ?’ ಎಂದು ಯಾರೂ ಅಳೆಯುವುದಿಲ್ಲ. ಆದರೆ ಕಣ್ಣೀರು, ಅನ್ಯಭಾಷೆಗಳು ದೇವರ ವರಕ್ಕೆ ಸಾಕ್ಷಿಯೆಂದು ಎಣಿಕೆಯಾಗತೊಡಗಿದರೆ, ಬಾರದವನು ಬಂದಂತೆ ತೋರಿಸಬೇಕಾದ ಒತ್ತಡಕ್ಕೆ ಸಿಕ್ಕುತ್ತಾನೆ. ಪಾರ್ಟು ಮಾಡುವವನು ಆಗ ತನ್ನ ಪಾರ್ಟನ್ನು ಮರೆಮಾಚಬೇಕಾಗುತ್ತದೆ. ಅನುಕರಣೆ ಕಪಟಕ್ಕೆ ತಿರುಗುವುದು ಅಲ್ಲಿ. ತಪ್ಪು ಕೈಯೆತ್ತಿದ ಬಡವನದಲ್ಲ, ಕೈಗಳನ್ನು ಎಣಿಸುವ ಮುಂದಾಳಿನದು. ಕೊರಿಂಥಿಯರಿಗೆ ಬರೆದ ಅದೇ ಪತ್ರದ 14ನೆಯ ಅಧ್ಯಾಯದಲ್ಲಿ ಪೌಲರು ಇದೇ ಕಾರಣಕ್ಕೆ, ಸಭೆಯ ಏಳಿಗೆಗೆ ನೆರವಾಗುವುದೇ ಎಂಬ ಒಂದೇ ಅಳತೆಯಿಂದ ವರಗಳನ್ನು ತೂಗಿದರು.

ಪಾಡುಗಳ ನಾಟಕಗಳೂ ವಿಮರ್ಶೆಗೆ ಹೊರತಲ್ಲ. ಜರ್ಮನಿಯ ಓಬರ್‌ಅಮ್ಮರ್‌ಗೌ ಗ್ರಾಮದವರು 1633ರಲ್ಲಿ ಪಿಡುಗಿನ ಹೊತ್ತಿನಲ್ಲಿ ಹೊತ್ತ ಹರಕೆಯಂತೆ 1634ರಿಂದ ಪಾಡುಗಳ ನಾಟಕವನ್ನು ಆಡಿಕೊಂಡು ಬಂದಿದ್ದಾರೆ. ಅಲ್ಲಿ ಹುಟ್ಟಿದವರು ಇಲ್ಲವೇ ಬಹುಕಾಲ ಅಲ್ಲಿ ನೆಲೆಸಿದವರು ಮಾತ್ರ ಪಾತ್ರ ವಹಿಸಬಹುದು. ಆಡುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ಕೂದಲು ಗಡ್ಡಗಳನ್ನು ಬಿಡುತ್ತಾರೆ. ಇಷ್ಟು ನಿಷ್ಠೆಯಿಂದ ಒಪ್ಪಿಸಿಕೊಂಡು ಬಂದ ಆ ನಾಟಕದಲ್ಲಿಯೇ ಯೆಹೂದ್ಯರ ಮೇಲಿನ ದ್ವೇಷವೂ ತಲೆಮಾರುಗಳ ಕಾಲ ಒಪ್ಪಿಸಲ್ಪಡುತ್ತಿತ್ತು. 1965ರ ‘ನೊಸ್ತ್ರಾ ಎತಾತೆ’ ಘೋಷಣೆಯ ಬೆಳಕಿನಲ್ಲಿ ಅದನ್ನು ತಿದ್ದಲು ಅವರಿಗೆ ದಶಕಗಳೇ ಬೇಕಾದವು. ನೋಡಿ ಕಲಿಯುವಾಗ ಒಳಿತಿನೊಡನೆ ಕೆಡುಕೂ ಕೈಗೆ ಬರುತ್ತದೆ ಎಂಬುದಕ್ಕೆ ಇದು ಎಚ್ಚರಿಕೆ. ನಮ್ಮ ಕನ್ನಡ ಪಾಡುಗಳ ನಾಟಕಗಳ ಮಾತುಗಳನ್ನೂ ಆಯಾ ಗ್ರಾಮಸ್ಥರೊಡನೆ ಕುಳಿತು, ಅವರ ಮೇಲೆ ಹೇರದೆ, ಈ ದೃಷ್ಟಿಯಿಂದ ಓದುವುದು ಗುರುಮಠಗಳು ಮಾಡಬಹುದಾದ ನಿಜವಾದ ಸೇವೆ. ಅನುಕರಣೆಯೆಂದು ಜರೆದು ದೂರ ನಿಲ್ಲುವುದು ಸೇವೆಯಲ್ಲ.

ನಾವು ತಲಪಿದ ನಿಲುವನ್ನು ಹೀಗೆ ಹೇಳಬಹುದು. ಆರಾಧನೆಯಲ್ಲಿ ಅನುಕರಣೆ ಪ್ರಾಮಾಣಿಕತೆಯ ಶತ್ರುವಲ್ಲ. ಅದು ಪ್ರಾಮಾಣಿಕತೆಗೆ ಹೋಗುವ ಸಾಮಾನ್ಯ ದಾರಿ. ಶತ್ರು ತೋರಿಕೆ. ಒಬ್ಬನ ಅನುಕರಣೆಯನ್ನು ಪರೀಕ್ಷಿಸಬೇಕಾದರೆ ಆ ಗಳಿಗೆಯಲ್ಲಿ ಅವನಿಗೆ ಏನೆನಿಸಿತು ಎಂದು ಕೇಳಿ ಪ್ರಯೋಜನವಿಲ್ಲ. ನಮ್ಮ ಭಾವನೆಗಳು ನಮಗೇ ಪೂರ್ತಿ ತಿಳಿಯವು. ಕೇಳಬೇಕಾದುದು ಎರಡೇ ಪ್ರಶ್ನೆ: ಇದು ಯಾರ ಕಣ್ಣಿಗಾಗಿ? ದೇವಾಲಯದಿಂದ ಮನೆಗೆ ಹೋದ ಮೇಲೆ, ನೆರೆಯವನೊಡನೆ ಜಗಳವಾದಾಗ, ಕೂಲಿ ಬಟವಾಡೆ ಮಾಡುವಾಗ, ಈ ಮಾತು ನನ್ನನ್ನು ಕಟ್ಟಿಹಾಕುತ್ತದೆಯೇ? ಈ ಪ್ರಶ್ನೆಗಳನ್ನು ಪ್ರತಿಯೊಬ್ಬನೂ ತನಗೆ ತಾನೇ ಕೇಳಿಕೊಳ್ಳಬೇಕು. ಇನ್ನೊಬ್ಬನನ್ನು ಕುರಿತು ಕೇಳಿ ತೀರ್ಪು ಹೇಳುವ ಅಧಿಕಾರ ನಮಗಿಲ್ಲ.

ಆ ಹಿರಿಯ ತಾಯಿಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಾದರೆ ಇಷ್ಟು ಹೇಳುತ್ತೇವೆ: ನಿಮ್ಮಜ್ಜಿ ಹೇಳುತ್ತಿದ್ದಂತೆ ನೀವು ಹೇಳಿದ್ದು ತಪ್ಪಲ್ಲಮ್ಮ. ಅವರೂ ಯಾರನ್ನೋ ನೋಡಿ ಕಲಿತವರೇ. ಆ ಸಾಲನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ, ಪ್ರಾರ್ಥಿಸುತ್ತಿದ್ದ ಗುರುವನ್ನು ಕಂಡು ನಮಗೂ ಕಲಿಸಿರೆಂದು ಬೇಡಿದ ಆ ಶಿಷ್ಯನ ಬಳಿಗೆ ಮುಟ್ಟುತ್ತೇವೆ. ತಪ್ಪು ನಮ್ಮ ಪ್ರಬೋಧನೆಯದು. ಈ ಬಾರಿಯ ತಪಸ್ಸು ಕಾಲದಲ್ಲಿ ಜಪಸರವನ್ನು ನೀವೇ ಮುನ್ನಡೆಸಬೇಕು. ನಾವು ನಿಮ್ಮ ಹಿಂದೆ ಹೇಳಿಕೊಂಡು ಬರುತ್ತೇವೆ.